ವ್ಯಸನ ಬಿಡಿಸುವವರ ವಿದ್ಯಾಭ್ಯಾಸ

ಕುಡಿತಕ್ಕೆ ದಾಸನಾದವನೊಬ್ಬನು ಮನೆಯಲ್ಲಿದ್ದರೆ ಹೆಂಡತಿ ಮಕ್ಕಳು ಅಳುತ್ತಾರೆ, ಹಿರಿಯರು ಗದರುತ್ತಾರೆ, ಕೊನೆಗೆ ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸುತ್ತಾರೆ. ಆತನೂ ಕಣ್ಣೀರಿಟ್ಟು ಆಣೆ ಮಾಡುತ್ತಾನೆ. ಎಂಟು ದಿನ ಕಳೆಯುವುದರೊಳಗೆ ಆಣೆ ಮುರಿಯುತ್ತದೆ. ಆಗ ನಾವು, "ಅವನಿಗೆ ಮನೋದಾರ್ಢ್ಯವಿಲ್ಲ" ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಈ ತೀರ್ಪು ಎಷ್ಟರಮಟ್ಟಿಗೆ ಸರಿ? ವ್ಯಸನಿಗಳಿಗೆ ನೆರವಾಗುವುದನ್ನೇ ವೃತ್ತಿಯಾಗಿ ಕೈಕೊಳ್ಳುವ ಆಪ್ತಸಲಹೆಗಾರರು ಮೊದಲು ಕಲಿಯಬೇಕಾದುದು ಈ ಪ್ರಶ್ನೆಯ ಉತ್ತರವನ್ನೇ.

1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬವರು ಇಲಿಗಳ ಮಿದುಳಿನಲ್ಲಿ ಸೂಕ್ಷ್ಮವಾದ ತಂತಿಗಳನ್ನಿರಿಸಿ, ಸನ್ನೆಯೊಂದನ್ನು ಅದುಮಿದಾಗ ಅಲ್ಪ ವಿದ್ಯುತ್ತು ಹರಿಯುವಂತೆ ಏರ್ಪಡಿಸಿದರು. ತಂತಿಯು ಕೆಲವು ನಿರ್ದಿಷ್ಟ ಭಾಗಗಳಲ್ಲಿದ್ದಾಗ ಇಲಿಯು ಗಂಟೆಗೆ ನೂರಾರು ಸಲ ಸನ್ನೆಯನ್ನು ಅದುಮತೊಡಗಿತು. ಮಾಡಿದ ಕೆಲಸವನ್ನೇ ಮತ್ತೆ ಮಾಡುವಂತೆ ಪ್ರೇರಿಸುವ ವ್ಯವಸ್ಥೆಯೊಂದು ಮಿದುಳಿನಲ್ಲಿದೆಯೆಂಬುದು ಹೀಗೆ ಬೆಳಕಿಗೆ ಬಂದಿತು. ಇದರಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಪಾತ್ರ ಹಿರಿದೆಂದು ಮುಂದಿನ ಸಂಶೋಧನೆಗಳು ತೋರಿಸಿದವು. ಮದ್ಯ, ನಿಕೋಟಿನ್, ಅಫೀಮುಗಳು ಕೆರಳಿಸುವುದು ಈ ವ್ಯವಸ್ಥೆಯನ್ನೇ. ಬಹುಕಾಲದ ಬಳಕೆಯಿಂದ ಮಿದುಳು ಆ ಪದಾರ್ಥಕ್ಕೆ ಒಗ್ಗಿಹೋಗುತ್ತದೆ. ಬರಿಯ ಆಣೆಯಿಂದ ಈ ಮಾರ್ಪಾಡು ಅಳಿಯಲಾರದು.

ಎರಡನೆಯ ಪಾಠ ಅಳತೆಯದು. ಜ್ವರಕ್ಕೆ ಉಷ್ಣಮಾಪಕವಿದ್ದಂತೆ ಕುಡಿತಕ್ಕೂ ಒಂದು ಮಾಪಕವುಂಟು. ವಿಶ್ವ ಆರೋಗ್ಯ ಸಂಸ್ಥೆಯು ಸಿದ್ಧಪಡಿಸಿರುವ 'ಆಡಿಟ್' ಎಂಬ ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳಿವೆ. ಪ್ರತಿಯೊಂದು ಉತ್ತರಕ್ಕೂ 0ಯಿಂದ 4ರವರೆಗೆ ಅಂಕ, ಒಟ್ಟು 40. ಮೊತ್ತವು 8 ಅಥವಾ ಅದಕ್ಕೂ ಹೆಚ್ಚಾದರೆ ಕುಡಿತವು ಅಪಾಯದ ಹಾದಿ ಹಿಡಿದಿದೆಯೆಂದು ತಿಳಿಯಬೇಕು.

ಮೂರನೆಯ ಪಾಠವು ಪ್ರಾಣಕ್ಕೆ ಸಂಬಂಧಿಸಿದುದು. ವರ್ಷಗಟ್ಟಲೆ ವಿಪರೀತ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಕೆಲವು ಗಂಟೆಗಳಲ್ಲಿ ಕೈನಡುಕ, ಬೆವರು ತೋರಬಹುದು, ಫಿಟ್ಸ್ ಬರಬಹುದು. ಎರಡು ಮೂರು ದಿನಗಳಲ್ಲಿ ಕೆಲವರಿಗೆ ಚಿತ್ತಭ್ರಮೆಯಾಗಿ ಇಲ್ಲದ್ದು ಕಾಣಿಸುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಸಾವೂ ಸಂಭವಿಸಬಹುದು. ಆದ್ದರಿಂದ ಅಂತಹವನನ್ನು ಕೋಣೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸಲು ಹೊರಡುವುದು ಸಲ್ಲದು. ತನ್ನ ಕೆಲಸ ಎಲ್ಲಿ ಮುಗಿದು ವೈದ್ಯರ ಕೆಲಸ ಎಲ್ಲಿ ಮೊದಲಾಗುತ್ತದೆಂಬುದನ್ನು ಸಲಹೆಗಾರನು ಚೆನ್ನಾಗಿ ಅರಿತಿರಬೇಕು.

ಎಲ್ಲಕ್ಕಿಂತ ಕಷ್ಟವಾದ ಪಾಠ ಮಾತಿನದು. 1982ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ನಾರ್ವೆಯ ಬರ್ಗೆನ್ ಬಳಿ ತರುಣ ಮನಶ್ಶಾಸ್ತ್ರಜ್ಞರೊಡನೆ ಅಭ್ಯಾಸ ನಡೆಸುತ್ತಿದ್ದರು. ಅವರು ರೋಗಿಗಳಂತೆ ಅಭಿನಯಿಸುತ್ತ, "ನೀವು ಈ ಪ್ರಶ್ನೆಯನ್ನೇ ಏಕೆ ಕೇಳಿದಿರಿ?" ಎಂದು ನಡುನಡುವೆ ತಡೆಯುತ್ತಿದ್ದರು. ಉತ್ತರ ಹೇಳುತ್ತ ಹೇಳುತ್ತ ಮಿಲ್ಲರ್ ಅವರಿಗೆ ತಮ್ಮ ವಿಧಾನದ ತತ್ತ್ವವೇ ಸ್ಪಷ್ಟವಾಯಿತು. 1983ರಲ್ಲಿ ಅದನ್ನು ಪ್ರಕಟಿಸಿದರು. ಸ್ಪ್ರಿಂಗನ್ನು ಒತ್ತಿದಷ್ಟೂ ಅದು ಎದುರು ಒತ್ತುವಂತೆ, "ಬಿಡು, ಬಿಡು" ಎಂದು ಒತ್ತಾಯಿಸಿದಷ್ಟೂ ವ್ಯಸನಿಯು ಕುಡಿತವನ್ನು ಸಮರ್ಥಿಸಿಕೊಳ್ಳುತ್ತಾನೆ. ಅದರ ಬದಲು, "ಕುಡಿತದಿಂದ ನಿಮಗೆ ಆದದ್ದೇನು? ಹೋದದ್ದೇನು?" ಎಂದು ಕೇಳಿ ತಾಳ್ಮೆಯಿಂದ ಕಿವಿಗೊಟ್ಟರೆ, ಬಿಡಬೇಕೆಂಬ ಮಾತು ಅವನ ಬಾಯಿಂದಲೇ ಬರಬಹುದು. ಇದನ್ನು ಕೇವಲ ಓದಿನಿಂದ ಕಲಿಯಲಾಗದು. ಅನುಭವಸ್ಥರ ಕಣ್ಣೆದುರಿನಲ್ಲಿ ಅಭ್ಯಾಸಮಾಡಿ, ತಪ್ಪುಗಳನ್ನು ತಿದ್ದಿಸಿಕೊಳ್ಳಬೇಕು. ಕೇಳಿದ ಗುಟ್ಟನ್ನು ಕಾಪಾಡಲೂ ಕಲಿಯಬೇಕು.

ಇನ್ನು ಆಣೆ ಮುರಿದವನ ವಿಷಯ. ಒಂದು ದಿನ ಜಾರಿದವನು "ಎಲ್ಲವೂ ಹೋಯಿತು" ಎಂದು ಹತಾಶನಾಗುವುದರಿಂದಲೇ ಪೂರ್ತಿ ಬೀಳುತ್ತಾನೆಂದು ಅಲನ್ ಮಾರ್ಲಾಟ್ ಎಂಬ ವಿದ್ವಾಂಸರು ವಿವರಿಸಿದ್ದಾರೆ. ಹಾಗಾಗಿ ಸಲಹೆಗಾರನು ಅವನನ್ನು ಹಳಿಯುವುದಿಲ್ಲ. ಯಾವ ಹೊತ್ತಿನಲ್ಲಿ, ಯಾರ ಜೊತೆಯಲ್ಲಿ, ಯಾವ ದುಃಖದಲ್ಲಿ ಜಾರಿದನೆಂದು ಅವನೊಡನೆ ಕುಳಿತು ಹುಡುಕುತ್ತಾನೆ.

ಮನಶ್ಶಾಸ್ತ್ರವನ್ನೋ ಸಮಾಜಕಾರ್ಯವನ್ನೋ ಓದುವ ವಿದ್ಯಾರ್ಥಿಗಳಿಗೆ ಈ ಹಾದಿ ತೆರೆದಿದೆ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಉಳಿದವರಿಗೂ ಮಾಡಬೇಕಾದ ಕೆಲಸವುಂಟು. ಸಹಪಾಠಿಯೊಬ್ಬನು ಈ ಸುಳಿಗೆ ಸಿಕ್ಕಿದ್ದರೆ ಅವನನ್ನು ಜರೆಯದೆ, ಅವನ ಮಾತನ್ನು ಕೇಳಿರಿ; 14446 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಯನ್ನು ತಿಳಿಸಿರಿ. ಆಣೆಗಿಂತ ಅದು ಅವನಿಗೆ ಹೆಚ್ಚಿನ ಆಸರೆಯಾದೀತು.