ನಮ್ಮ ಬೀದಿಯ ಪಾರ್ಕು, ನಮ್ಮೆಲ್ಲರ ಪಾರ್ಕು

ನಿಮ್ಮ ಬೀದಿಯ ಹತ್ತಿರ ಪಾರ್ಕು ಇದೆಯೇ? ಇದ್ದರೆ ಅದು ಹೇಗಿದೆ? ನೆರಳಿದೆಯೇ? ಮಕ್ಕಳು ಆಡುತ್ತಾರೆಯೇ? ಅಥವಾ ಬೇಲಿ ಮುರಿದು, ಕಸ ತುಂಬಿ, ಕಾಂಗ್ರೆಸ್ ಗಿಡ ಬೆಳೆದು ನಿಂತಿದೆಯೇ?

ಪಾಳು ಬಿದ್ದ ಪಾರ್ಕು ನೋಡಿದಾಗ ನಾವು ಏನು ಹೇಳುತ್ತೇವೆ? "ಅದು ಸರ್ಕಾರದ್ದು. ನಮಗ್ಯಾಕೆ ಬಿಡಿ" ಅನ್ನುತ್ತೇವೆ. ಸರ್ಕಾರದ್ದು ಅಂದರೆ ಯಾರದ್ದು? ನಮ್ಮದೇ ಅಲ್ಲವೇ? ನಾವು ಕೊಡುವ ತೆರಿಗೆಯ ಹಣವೂ ಅದರಲ್ಲಿದೆ.

ಪಾರ್ಕು ಯಾಕೆ ಬೇಕು?

ನಮ್ಮ ಮನೆಗಳು ಚಿಕ್ಕವು. ಒಂದೇ ಕೋಣೆ. ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ಮಕ್ಕಳು ಆಡಬೇಕಾದರೆ ರಸ್ತೆಗೇ ಹೋಗಬೇಕು. ರಸ್ತೆಯಲ್ಲಿ ಲಾರಿ, ಆಟೋ, ಸ್ಕೂಟರು. ವಯಸ್ಸಾದವರು ಎಲ್ಲಿ ಕೂರಬೇಕು? ಹೆಂಗಸರು ಅರ್ಧ ಗಂಟೆ ಕೂತು ಸುಖ ದುಃಖ ಮಾತಾಡಲು ಜಾಗ ಎಲ್ಲಿ? ದೊಡ್ಡ ಮನೆ ಇರುವವರಿಗೆ ಅಂಗಳ ಇದೆ. ಅಂಗಳ ಇಲ್ಲದವರಿಗೆ ಪಾರ್ಕೇ ಅಂಗಳ.

ಪಾರ್ಕಿನಿಂದ ಇನ್ನೂ ಲಾಭ ಇದೆ. ಮಣ್ಣಿನ ನೆಲ ಮಳೆ ನೀರನ್ನು ಕುಡಿಯುತ್ತದೆ. ಸಿಮೆಂಟು ನೆಲ ಕುಡಿಯುವುದಿಲ್ಲ. ಮರದ ಎಲೆ ಧೂಳನ್ನು ಹಿಡಿಯುತ್ತದೆ. ಬೇಸಿಗೆಯಲ್ಲಿ ಮರದ ಕೆಳಗೆ ತಂಪು.

ಪಾಳು ಬಿಟ್ಟರೆ ಏನಾಗುತ್ತದೆ?

ಬಳಸದ ಜಾಗದ ಮೇಲೆ ಹತ್ತು ಜನರ ಕಣ್ಣು ಬೀಳುತ್ತದೆ. ಮೊದಲು ಒಬ್ಬರು ಜಲ್ಲಿ ಸುರಿಯುತ್ತಾರೆ. ಆಮೇಲೆ ಇನ್ನೊಬ್ಬರು ಶೆಡ್ಡು ಹಾಕುತ್ತಾರೆ. ಕೊನೆಗೆ ಕಟ್ಟಡವೇ ಏಳುತ್ತದೆ.

ಬೆಂಗಳೂರಿನಲ್ಲಿ ನಡೆದ ಸಂಗತಿ ಕೇಳಿ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಒಂದು ಜಾಗ ಬಿಟ್ಟಿದ್ದರು. ಆ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಕೊಡಲಾಯಿತು. ಬಡಾವಣೆಯ ಜನ ಒಪ್ಪಲಿಲ್ಲ. ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಮೊದಲು ಸೋತರು. ಬಿಡಲಿಲ್ಲ, ಮೇಲ್ಮನವಿ ಹಾಕಿ ಗೆದ್ದರು. ಕೊನೆಗೆ ಮೊಕದ್ದಮೆ ದೆಹಲಿಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1991ರಲ್ಲಿ ಸುಪ್ರೀಂ ಕೋರ್ಟು ಜನರ ಪರವಾಗಿ ತೀರ್ಪು ಕೊಟ್ಟಿತು. ಪಾರ್ಕಿಗೆಂದು ಬಿಟ್ಟ ಜಾಗ ಪಾರ್ಕಿಗೇ ಇರಬೇಕು, ಅದನ್ನು ಖಾಸಗಿಯವರಿಗೆ ಕೊಡುವಂತಿಲ್ಲ ಎಂದಿತು.

ಆಸ್ಪತ್ರೆ ಕೆಟ್ಟದ್ದೇ? ಅಲ್ಲ. ಆಸ್ಪತ್ರೆಯೂ ಬೇಕು. ಆದರೆ ಅದನ್ನು ಬೇರೆ ಜಾಗದಲ್ಲಿ ಕಟ್ಟಬಹುದು. ಮನೆಗಳು ತುಂಬಿದ ಬಡಾವಣೆಯಲ್ಲಿ ಹೊಸ ಪಾರ್ಕು ಮಾಡಲು ಜಾಗ ಎಲ್ಲಿಂದ ತರುವುದು?

ಕಾನೂನು ಏನು ಹೇಳುತ್ತದೆ?

ಪಾರ್ಕು, ಆಟದ ಮೈದಾನ ಮತ್ತು ಬಯಲು ಜಾಗಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರಲ್ಲಿ ಒಂದು ಕಾಯ್ದೆ ಬಂತು. 1992ರಲ್ಲಿ ಸಂವಿಧಾನಕ್ಕೆ 74ನೇ ತಿದ್ದುಪಡಿ ಆಯಿತು. ನಗರಾಡಳಿತ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿ ಅದರಲ್ಲಿದೆ. ಪಾರ್ಕು, ತೋಟ, ಆಟದ ಮೈದಾನ ಒದಗಿಸುವುದು ಆ ಪಟ್ಟಿಯಲ್ಲಿ ಸೇರಿದೆ. ಗಿಡಮರ, ನೀರು, ಪ್ರಾಣಿ ಪಕ್ಷಿ ಕಾಪಾಡುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ ಎಂದೂ ಸಂವಿಧಾನ ಹೇಳುತ್ತದೆ. ಅಂದರೆ ಪಾರ್ಕು ಕೇಳುವುದು ನಮ್ಮ ಹಕ್ಕು. ಅದನ್ನು ಕಾಪಾಡುವುದು ನಮ್ಮ ಕರ್ತವ್ಯ. ಎರಡೂ ಜೊತೆಜೊತೆಗೆ ಇವೆ.

ಪಾರ್ಕಿನ ಜಾಗ ಎಷ್ಟು, ಎಲ್ಲಿಂದ ಎಲ್ಲಿಯವರೆಗೆ ಎಂದು ತಿಳಿಯಬೇಕೇ? 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಅರ್ಜಿ ಹಾಕಿ ನಕ್ಷೆ ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕ ಇಲ್ಲ. ಸಾಮಾನ್ಯವಾಗಿ 30 ದಿನದ ಒಳಗೆ ಉತ್ತರ ಕೊಡಬೇಕು.

ಕೆಲಸ ಶುರು ಮಾಡುವುದು ಹೇಗೆ?

ಒಬ್ಬರಿಂದ ಆಗುವುದಿಲ್ಲ. ಹತ್ತು ಮನೆಯವರು ಒಂದು ಸಂಜೆ ಕೂಡಿ ಕೂರಿ. ಹೆಂಗಸರನ್ನು ಕರೆಯಿರಿ. ಹುಡುಗರನ್ನೂ ಕರೆಯಿರಿ. ಯಾರಿಗೆ ಯಾವ ಕೆಲಸ ಬರುತ್ತದೆ ಕೇಳಿ. ಊರಿನಲ್ಲಿ ಬೇಸಾಯ ಮಾಡಿ ಬಂದವರು ನಿಮ್ಮ ಬೀದಿಯಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಮಣ್ಣಿನ ಗುಣ ಗೊತ್ತು. ಅವರೇ ನಿಮಗೆ ಮೇಷ್ಟ್ರು.

ಆಮೇಲೆ ಪುರಸಭೆಗೆ ಅಥವಾ ನಗರಸಭೆಗೆ ಅರ್ಜಿ ಬರೆಯಿರಿ. ಕೇಳದೆ ಅಗೆಯಬೇಡಿ. ನೆಲದ ಕೆಳಗೆ ನೀರಿನ ಪೈಪು ಇರಬಹುದು, ಕರೆಂಟಿನ ತಂತಿ ಇರಬಹುದು. ಹಳೆಯ ಮರ ಇದ್ದರೆ ಕಡಿಯಬೇಡಿ. ಅದಕ್ಕೂ ಅಪ್ಪಣೆ ಬೇಕು.

ಅರ್ಜಿಯನ್ನು ಹೀಗೆ ಬರೆಯಬಹುದು:

"ಮಾನ್ಯರೇ, ನಮ್ಮ ವಾರ್ಡಿನ ಪಾರ್ಕು ಪಾಳು ಬಿದ್ದಿದೆ. ಅದನ್ನು ನಾವು ಶ್ರಮದಾನದಿಂದ ಸ್ವಚ್ಛ ಮಾಡಿ ಗಿಡ ನೆಡುತ್ತೇವೆ. ಇದಕ್ಕೆ ಅಪ್ಪಣೆ ಕೊಡಬೇಕು. ಬೇಲಿ ಸರಿಮಾಡಿಸಿ, ಒಂದು ನಲ್ಲಿ ಹಾಕಿಸಿ ಕೊಡಬೇಕಾಗಿ ಕೋರುತ್ತೇವೆ. ಇಂತಿ, ಬೀದಿಯ ನಿವಾಸಿಗಳು."

ಕೆಳಗೆ ಎಲ್ಲರೂ ಸಹಿ ಮಾಡಿ. ಈಗ ಹೆಬ್ಬೆಟ್ಟು ಒತ್ತಬೇಕಾಗಿಲ್ಲ ಅಲ್ಲವೇ? ಅರ್ಜಿಯ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಅದರ ಮೇಲೆ ಕಚೇರಿಯ ಮೊಹರು, ತಾರೀಖು ಹಾಕಿಸಿಕೊಳ್ಳಿ.

ಗಿಡ ನೆಡುವ ಕ್ರಮ

ಮೊದಲು ಕಾಂಗ್ರೆಸ್ ಗಿಡ ಕೀಳಬೇಕು. ಇದು ನಮ್ಮ ದೇಶದ್ದಲ್ಲ, ಅಮೆರಿಕ ಖಂಡದಿಂದ ಬಂದದ್ದು. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಆದ್ದರಿಂದ ಹೂವು ಬಿಡುವ ಮೊದಲೇ, ನೆಲ ಒದ್ದೆ ಇದ್ದಾಗ, ಬೇರು ಸಮೇತ ಕೀಳಿ. ಬರಿಗೈಯಲ್ಲಿ ಮುಟ್ಟಬೇಡಿ. ಕೆಲವರಿಗೆ ಮೈ ಕೆರೆತ ಬರುತ್ತದೆ, ಕೆಲವರಿಗೆ ಉಬ್ಬಸ ಬರುತ್ತದೆ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಮೇ ತಿಂಗಳಲ್ಲಿ ಗುಂಡಿ ತೆಗೆಯಿರಿ. 2 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳ ಇರಲಿ. ಗುಂಡಿ ಕೆಲವು ದಿನ ಬಿಸಿಲು ಕಾಯಲಿ. ಮೇಲಿನ ಮಣ್ಣು ಒಂದು ಕಡೆ, ತಳದ ಮಣ್ಣು ಇನ್ನೊಂದು ಕಡೆ ಹಾಕಿ. ಮೇಲಿನ ಮಣ್ಣಿನಲ್ಲಿ ಸಾರ ಜಾಸ್ತಿ. ಅದಕ್ಕೆ ಕೊಟ್ಟಿಗೆ ಗೊಬ್ಬರ ಬೆರೆಸಿ.

ಜೂನ್‌ನಲ್ಲಿ ಒಂದೆರಡು ಹದ ಮಳೆ ಬಿದ್ದ ಮೇಲೆ ಸಸಿ ನೆಡಿ. ಪ್ಲಾಸ್ಟಿಕ್ ಚೀಲ ಹರಿದು ತೆಗೆಯಿರಿ. ಬೇರಿನ ಸುತ್ತಲಿನ ಮಣ್ಣಿನ ಹೆಂಟೆ ಒಡೆಯಬಾರದು. ಚೀಲದಲ್ಲಿ ಎಷ್ಟು ಆಳಕ್ಕೆ ಇತ್ತೋ ಅಷ್ಟೇ ಆಳಕ್ಕೆ ನೆಡಿ. ಪಕ್ಕದಲ್ಲಿ ಒಂದು ಊರುಗೋಲು ನೆಟ್ಟು ಸಡಿಲವಾಗಿ ಕಟ್ಟಿ. ದನ ಮೇಕೆ ತಿನ್ನದ ಹಾಗೆ ಸುತ್ತ ಮುಳ್ಳು ಕಟ್ಟಿ.

ಯಾವ ಗಿಡ ನೆಡಬೇಕು? ಹೊಂಗೆ, ಬೇವು, ನೇರಳೆ ಒಳ್ಳೆಯ ನೆರಳು ಕೊಡುತ್ತವೆ. ಸಂಪಿಗೆ, ದಾಸವಾಳ ಹೂವು ಕೊಡುತ್ತವೆ. ಮೂಲೆಯಲ್ಲಿ ಕರಿಬೇವು, ತುಳಸಿ ಇರಲಿ. ಮಕ್ಕಳು ಆಡುವ ಕಡೆ ಕಣಗಿಲೆ ಬೇಡ. ಹೂವು ಚೆಂದ, ಆದರೆ ಗಿಡವೆಲ್ಲ ವಿಷ. ಕರೆಂಟಿನ ತಂತಿಯ ಕೆಳಗೆ ದೊಡ್ಡ ಮರ ಬೇಡ.

ನೀರಿನ ಲೆಕ್ಕ

ಗಿಡ ನೆಡುವ ದಿನ ಜನ ಜಾಸ್ತಿ. ನೀರು ಹಾಕುವ ದಿನ ಯಾರೂ ಇಲ್ಲ. ಎಷ್ಟೋ ಸಸಿಗಳು ಸಾಯುವುದು ಹೀಗೇ. ಮೊದಲ ಎರಡು ಮೂರು ಬೇಸಿಗೆ ದಾಟಿಸಿದರೆ ಗಿಡ ಬದುಕಿದ ಹಾಗೆ.

ಲೆಕ್ಕ ಮಾಡೋಣ. 20 ಸಸಿ, 10 ಮನೆ. ಒಂದು ಮನೆಗೆ 2 ಸಸಿ. ಎರಡು ದಿನಕ್ಕೊಮ್ಮೆ ಒಂದು ಸಸಿಗೆ ಒಂದು ಕೊಡ ನೀರು. ಅಂದರೆ ಒಂದು ಮನೆಗೆ ಎರಡು ದಿನಕ್ಕೆ 2 ಕೊಡ. ಇದೇನು ದೊಡ್ಡ ಭಾರವೇ? ಪಾತ್ರೆ ತೊಳೆದ ನೀರಿಗಿಂತ ತರಕಾರಿ ತೊಳೆದ ನೀರು, ಅಕ್ಕಿ ತೊಳೆದ ನೀರು ಒಳ್ಳೆಯದು.

ಇನ್ನೊಂದು ಉಪಾಯ ಇದೆ. ಹಳೆಯ ಮಡಿಕೆಯ ತಳಕ್ಕೆ ಸಣ್ಣ ತೂತು ಮಾಡಿ. ತೂತಿಗೆ ಬಟ್ಟೆಯ ಬತ್ತಿ ಹಾಕಿ. ಸಸಿಯ ಪಕ್ಕ ಮಡಿಕೆ ಹೂತು ನೀರು ತುಂಬಿ. ನೀರು ನಿಧಾನವಾಗಿ ಬೇರಿಗೆ ಇಳಿಯುತ್ತದೆ. ಮಡಿಕೆಯ ಬಾಯಿ ಮುಚ್ಚುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆ ಇಡುತ್ತದೆ.

ಸಾಲುಮರದ ತಿಮ್ಮಕ್ಕನ ಹೆಸರು ಕೇಳಿದ್ದೀರಲ್ಲ? ಅವರು ಶಾಲೆಗೆ ಹೋದವರಲ್ಲ. ಕೂಲಿ ಮಾಡಿ ಬದುಕಿದವರು. ಗಂಡನ ಜೊತೆ ಸೇರಿ ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಆಲದ ಸಸಿ ನೆಟ್ಟರು. ಕೊಡದಲ್ಲಿ ನೀರು ಹೊತ್ತು ಹಾಕಿದರು. ಮುಳ್ಳು ಕಟ್ಟಿ ಕಾದರು. ಆ ಮರಗಳು ದಾರಿಗೆಲ್ಲ ಚಪ್ಪರ ಆದವು. 2019ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ಗಿಡ ನೆಟ್ಟವರು ಬಹಳ ಮಂದಿ. ತಿಮ್ಮಕ್ಕ ನೆಟ್ಟದ್ದನ್ನು ಸಾಕಿದರು.

ತರಗೆಲೆ ಸುಡಬೇಡಿ

ಗುಡಿಸಿದ ತರಗೆಲೆಗೆ ಬೆಂಕಿ ಹಾಕುವುದು ಸುಲಭ. ಆದರೆ ಹೊಗೆ ಮಕ್ಕಳ ಎದೆಗೆ ಹೋಗುತ್ತದೆ. ಗೊಬ್ಬರ ಆಗುವ ವಸ್ತು ಬೂದಿ ಆಗುತ್ತದೆ. ಪಾರ್ಕಿನ ಮೂಲೆಯಲ್ಲಿ ಒಂದು ಗುಂಡಿ ತೋಡಿ. ಒಂದು ಪದರ ತರಗೆಲೆ, ಅದರ ಮೇಲೆ ಸಗಣಿ ನೀರು, ಅದರ ಮೇಲೆ ತೆಳ್ಳಗೆ ಮಣ್ಣು. ಹೀಗೆ ತುಂಬುತ್ತಾ ಹೋಗಿ. ತೇವ ಆರಬಾರದು. 15 ದಿನಕ್ಕೊಮ್ಮೆ ಮಗುಚಿ ಹಾಕಿ. ಕೆಲವು ತಿಂಗಳಲ್ಲಿ ಕಪ್ಪಗೆ ಪುಡಿಪುಡಿಯಾದ ಗೊಬ್ಬರ ಸಿಗುತ್ತದೆ. ಅದಕ್ಕೆ ಮಣ್ಣಿನ ವಾಸನೆ ಬಂದರೆ ಗೊಬ್ಬರ ಪಕ್ವವಾಗಿದೆ ಎಂದು ತಿಳಿಯಿರಿ.

ಪಾರ್ಕು ಯಾರದ್ದು?

ಕೆಲಸ ಮಾಡಿದವರಿಗೆ ಕೆಲವೊಮ್ಮೆ ಒಂದು ಯೋಚನೆ ಬರುತ್ತದೆ. "ನಾವು ಬೆವರು ಸುರಿಸಿ ಮಾಡಿದ್ದು. ಕಂಡಕಂಡವರು ಬಂದು ಮಲಗ್ತಾರೆ. ಬೀಗ ಹಾಕಿಬಿಡೋಣ" ಅನ್ನುತ್ತಾರೆ. ಇದು ಸರಿಯೇ? ಗಾರೆ ಕೆಲಸದವರು ಮಧ್ಯಾಹ್ನ ಬುತ್ತಿ ಬಿಚ್ಚುವುದು ಎಲ್ಲಿ? ತಳ್ಳುಗಾಡಿಯವರು ಬಿಸಿಲಿನಲ್ಲಿ ದಣಿವಾರಿಸಿಕೊಳ್ಳುವುದು ಎಲ್ಲಿ? ಬೆಂಗಳೂರಿನಲ್ಲಿ ಎಷ್ಟೋ ಪಾರ್ಕುಗಳಿಗೆ ಹಗಲು ಬೀಗ ಹಾಕುತ್ತಿದ್ದರು. 2024ರಲ್ಲಿ ಅಲ್ಲಿನ ಪಾಲಿಕೆಯ ಪಾರ್ಕುಗಳನ್ನು ಬೆಳಗ್ಗೆ 5 ಗಂಟೆಯಿಂದ ರಾತ್ರಿ 10 ಗಂಟೆಯವರೆಗೆ ತೆರೆದಿಡಬೇಕು ಎಂದು ತೀರ್ಮಾನ ಆಯಿತು.

ಗಿಡಕ್ಕೆ ನೀರು ಹಾಕಿದರೆ ನೆಲ ನಮ್ಮ ಸ್ವಂತ ಆಗುವುದಿಲ್ಲ. ಬೀಗ ಹಾಕುವ ಬದಲು ನಿಯಮ ಮಾಡಿ. ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಹಾಕಿ. "ಕಸ ತೊಟ್ಟಿಗೆ ಹಾಕಿ. ಹೂವು ಕೀಳಬೇಡಿ. ಎಲ್ಲರಿಗೂ ಸ್ವಾಗತ." ಬರೆಯುವವರು ಬೇರೆ ಯಾರೂ ಬೇಡ. ನೀವೇ ಬರೆಯಿರಿ.

ಪಾರ್ಕಿನಲ್ಲಿ ಇನ್ನೇನು ಮಾಡಬಹುದು? ಭಾನುವಾರ ಬೆಳಗ್ಗೆ ಎರಡು ಗಂಟೆ ಶ್ರಮದಾನ. ಜುಲೈ ಮೊದಲ ವಾರ ವನಮಹೋತ್ಸವ. ಸಂಜೆ ಮರದ ಕೆಳಗೆ ಓದಿನ ಕೂಟ. ಒಬ್ಬರು ಪತ್ರಿಕೆ ಗಟ್ಟಿಯಾಗಿ ಓದಲಿ. ಉಳಿದವರು ಕೇಳಲಿ. ಮಕ್ಕಳು ಒಂದೊಂದು ಗಿಡದ ಹೆಸರು ಬರೆದು ನೇತು ಹಾಕಲಿ.

ಒಂದು ನೋಟ್‌ಬುಕ್ ಇಡಿ. ಯಾರು ಯಾವ ದಿನ ನೀರು ಹಾಕಬೇಕು ಬರೆಯಿರಿ. ಬಂದ ಹಣ, ಖರ್ಚಾದ ಹಣ ಬರೆಯಿರಿ. ಯಾರು ಕೇಳಿದರೂ ತೋರಿಸಿ. ಲೆಕ್ಕ ಸರಿ ಇದ್ದರೆ ಜಗಳ ಕಡಿಮೆ.

ಕೂಡಿ ಚರ್ಚೆ ಮಾಡಿ

1. ನಿಮ್ಮ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗ ಎಲ್ಲಿದೆ? ಈಗ ಅದರಲ್ಲಿ ಏನಿದೆ?
2. ಆ ಜಾಗ ಈಗ ಯಾರಿಗೆ ಉಪಯೋಗ ಆಗುತ್ತಿದೆ? ಯಾರಿಗೆ ಆಗುತ್ತಿಲ್ಲ?
3. ನಿಮ್ಮ ಬೀದಿಯಲ್ಲಿ ನೀರಿನ ಪಾಳಿಗೆ ಎಷ್ಟು ಮನೆಯವರು ಬರುತ್ತಾರೆ? ಅವರ ಹೆಸರು ಬರೆಯಿರಿ.
4. ಮೇಲೆ ಕೊಟ್ಟ ಅರ್ಜಿಯನ್ನು ನಿಮ್ಮ ಊರಿಗೆ ಹೊಂದುವ ಹಾಗೆ ನಿಮ್ಮ ಕೈಯಾರೆ ಬರೆಯಿರಿ. ಬರೆದದ್ದನ್ನು ಪುಸ್ತಕದಲ್ಲೇ ಇಡಬೇಡಿ. ಕಚೇರಿಗೆ ಕೊಟ್ಟು ಬನ್ನಿ.