ಹೊಸ ನಾಡಿನಲ್ಲಿ ಹಳೆಯ ಸಂಸಾರ

ಪರದೇಶವಾಸವೆಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣೆದುರಿಗೆ ವಿಮಾನವೋ ಹಡಗೋ ಸುಳಿಯುವುದು ಸಹಜ. ಅಮೆರಿಕಕ್ಕೆ ಹೋದವರ ಪತ್ರಗಳನ್ನೂ ಇಂಗ್ಲೆಂಡಿಗೆ ಹೋದವರ ಪ್ರವಾಸಕಥನಗಳನ್ನೂ ನಾವು ಓದಿದ್ದೇವೆ. ಆದರೆ ಒಂದು ದೇಶವನ್ನು ಬಿಟ್ಟು ಇನ್ನೊಂದು ದೇಶದಲ್ಲಿ ಒಲೆ ಹೂಡಿದವರನ್ನು ಕಾಣಬೇಕಾದರೆ ನಾವು ಸಮುದ್ರವನ್ನು ದಾಟಬೇಕಾಗಿಲ್ಲ. ಬಾಗಲವಾಡದಿಂದ ಹೊರಟು, ಮಾನ್ವಿಯ ಹಾದಿ ಹಿಡಿದು, ಸಿಂಧನೂರಿನ ಬಸ್ಸನ್ನು ಹತ್ತಿದರೆ ಸಾಕು. ಅಲ್ಲಿ ಕಾಲುವೆಯ ನೀರಿನ ಗದ್ದೆಗಳ ನಡುವೆ ‘ಆರ್.ಎಚ್. ಕ್ಯಾಂಪು’ ಎಂದು ಜನ ಕರೆಯುವ ಊರುಗಳಿವೆ. ಆ ಎರಡು ಅಕ್ಷರಗಳು ಪುನರ್ವಸತಿ ಎಂಬುದರ ಇಂಗ್ಲಿಷ್ ಮಾತಿನಿಂದ ಬಂದವು. ನಂಬರು ಒಂದು, ನಂಬರು ಎರಡು ಎಂದು ಎಣಿಕೆಯಿಂದಲೇ ಹೆಸರು ಪಡೆದ ಈ ಊರುಗಳಲ್ಲಿ ಮನೆಯ ಮಾತು ಬಂಗಾಳಿ.

ದೇಶಾಂತರದ ಕಥೆಗಳಲ್ಲಿ ಸಾಮಾನ್ಯವಾಗಿ ಗಡಿ ದಾಟಿದ ರಾತ್ರಿಯ ವರ್ಣನೆ ಇರುತ್ತದೆ. ಮರುದಿನ ಬೆಳಿಗ್ಗೆ ಉಪ್ಪು ತಂದವರಾರು, ಹೇಗೆ ತಂದರು ಎಂಬುದನ್ನು ಯಾರೂ ಬರೆಯುವುದಿಲ್ಲ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಆ ಉಪ್ಪಿನ ಕಥೆಯನ್ನೇ.

ಮೊದಲು ಒಂದು ಮಾತು. ದೇಶ ಬದಲಾದಾಗ ಆಗುವ ಪೇಚಾಟ ನಮ್ಮ ಹಿರಿಯರಿಗೂ ಅಪರಿಚಿತವಲ್ಲ. ಅವರು ಊರನ್ನು ಬಿಡಲಿಲ್ಲ. ದೇಶವೇ ಅವರ ಕಾಲ ಕೆಳಗಿನಿಂದ ಸರಿಯಿತು. ರಾಯಚೂರು ಜಿಲ್ಲೆ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಸಂಸ್ಥಾನ; ಅನಂತರ ಹೈದರಾಬಾದು ರಾಜ್ಯ; 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ. ಸಂಸ್ಥಾನದ ನಾಣ್ಯ ‘ಹಾಲಿ ಸಿಕ್ಕಾ’, ಬ್ರಿಟಿಷ್ ಹಿಂದೂಸ್ಥಾನದ ನಾಣ್ಯ ‘ಕಲ್ದಾರ’. ನೂರು ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ, ಅಂದರೆ ಆರಕ್ಕೆ ಏಳು. ಕೃಷ್ಣೆಯನ್ನೋ ತುಂಗಭದ್ರೆಯನ್ನೋ ದಾಟಿ ಆಚೆಯ ಸಂತೆಗೆ ಹೋದವನು ಈ ಲೆಕ್ಕವನ್ನು ಬಾಯಲ್ಲಿಯೇ ಮಾಡಬೇಕಾಗಿತ್ತು. ಕಚೇರಿಯ ಕಾಗದ ಉರ್ದುವಿನಲ್ಲಿ, ವರ್ಷದ ಎಣಿಕೆ ಫಸಲಿಯಲ್ಲಿ. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಕ್ಯಾಂಪಿನವರ ಕಷ್ಟ ನಮಗೆ ದೂರದ್ದೆಂದು ತೋರಲಾರದು.

1947ರ ವಿಭಜನೆಯಿಂದ ಪೂರ್ವ ಬಂಗಾಳ ಪೂರ್ವ ಪಾಕಿಸ್ತಾನವಾಯಿತು. ಅಲ್ಲಿಯ ಹಿಂದೂಗಳು ಒಮ್ಮೆಲೇ ಹೊರಟು ಬಂದವರಲ್ಲ. 1950ರ ಗಲಭೆಗಳ ಕಾಲದಲ್ಲಿ ಒಂದು ಅಲೆ, 1964ರಲ್ಲಿ ಮತ್ತೊಂದು ಅಲೆ, 1971ರ ಯುದ್ಧದ ಕಾಲದಲ್ಲಿ ಎಲ್ಲಕ್ಕೂ ದೊಡ್ಡ ಅಲೆ ಬಂದಿತು. ನಡುವೆ, 1952ರ ಅಕ್ಟೋಬರಿನಿಂದ, ಎರಡು ದೇಶಗಳ ಮಧ್ಯೆ ಪಾಸ್‌ಪೋರ್ಟಿನ ಕಟ್ಟಳೆಯೂ ಬಂದಿತು. ಪಶ್ಚಿಮ ಬಂಗಾಳದಲ್ಲಿ ನೆಲ ಸಾಲದೆ ಹೋದುದರಿಂದ ಬೇಸಾಯದ ಕುಟುಂಬಗಳನ್ನು ಕೇಂದ್ರ ಸರ್ಕಾರ ಬೇರೆ ಪ್ರಾಂತಗಳಿಗೆ ಕಳುಹಿಸತೊಡಗಿತು. 1958ರಲ್ಲಿ ದಂಡಕಾರಣ್ಯ ಯೋಜನೆ ಆರಂಭವಾಯಿತು. ರಾಯಪುರದ ಸಮೀಪದ ಮಾನಾ ಶಿಬಿರದಲ್ಲಿ ಜನ ಡೇರೆಗಳಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾದರು. ಹೀಗೆ ಹಂಚಿಹೋದವರಲ್ಲಿ ಕೆಲವರ ಪಾಲಿಗೆ ಬಂದುದು ಸಿಂಧನೂರು.

ಸಿಂಧನೂರೇ ಏಕೆ? ಉತ್ತರ ಕಾಲುವೆಯಲ್ಲಿದೆ. ತುಂಗಭದ್ರಾ ಅಣೆಕಟ್ಟಿನ ನೀರು 1953ರಿಂದ ಹರಿಯತೊಡಗಿತು. ಸುಮಾರು 227 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಗಳಿಗೆ ನೀರನ್ನು ತಂದಿತು. ಜೋಳ, ಹತ್ತಿಗಳ ಒಣ ಬೇಸಾಯದಲ್ಲಿ ನುರಿತಿದ್ದ ನಮ್ಮ ರೈತರಿಗೆ ಕೆಸರಿನಲ್ಲಿ ನಿಂತು ನಾಟಿ ಮಾಡುವ ವಿದ್ಯೆ ಹೊಸದು. ಆಂಧ್ರದ ಡೆಲ್ಟಾದಿಂದ ರೈತರು ಬಂದು ನೆಲ ಕೊಂಡು ‘ಕ್ಯಾಂಪು’ಗಳನ್ನು ಕಟ್ಟಿದ್ದೂ ಇದೇ ನೀರಿಗಾಗಿ. ಬತ್ತವನ್ನು ಬಲ್ಲ ಬಂಗಾಳದ ರೈತನಿಗೆ ನೀರಾವರಿಯ ನೆಲ ಸರಿಹೊಂದೀತೆಂದು ಸರ್ಕಾರ ಭಾವಿಸಿದುದು ತಪ್ಪೆನ್ನಲಾಗದು.

ಆದರೆ ನೆಲವೆಂದರೆ ಬರಿಯ ನೀರಲ್ಲ. ಅವರು ಬಿಟ್ಟುಬಂದುದು ನದಿಗಳು ತಂದು ಹಾಕಿದ ಮೆಕ್ಕಲು ಮಣ್ಣು; ಇಲ್ಲಿ ಸಿಕ್ಕಿದುದು ಎರೆ. ಮಳೆಗಾಲದಲ್ಲಿ ಎರಡು ಹೆಜ್ಜೆಗೆ ಕಾಲಿಗೆ ಎರಡು ಸೇರು ಮಣ್ಣು ಮೆತ್ತುವ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ ಭೂಮಿ. ಅಲ್ಲಿಯ ಮಳೆ ನಮ್ಮದರ ಮೂರು ಪಟ್ಟಿಗೆ ಕಡಿಮೆಯಿಲ್ಲ. ಅಲ್ಲಿ ಸಂತೆಗೆ ಹೋಗುವುದು ದೋಣಿಯಲ್ಲಿ. ಮನೆಯ ಹಿಂದೆ ‘ಪುಕುರ್’ ಎಂಬ ಕೊಳ. ಸ್ನಾನ, ಪಾತ್ರೆ, ಮೀನು ಎಲ್ಲವೂ ಅದರಲ್ಲಿಯೇ. ಇಲ್ಲಿ ನೀರು ಸರದಿಯ ಪ್ರಕಾರ ಬರುತ್ತದೆ, ಸರದಿಯ ಪ್ರಕಾರ ನಿಲ್ಲುತ್ತದೆ. ನನ್ನ ಪರಿಚಯದ ಕ್ಯಾಂಪಿನ ಅಜ್ಜಿಯೊಬ್ಬರು, ‘ಅಲ್ಲಿ ನೀರು ಮನೆಯೊಳಗೆ ಬಂದೀತೆಂದು ಹೆದರುತ್ತಿದ್ದೆವು, ಇಲ್ಲಿ ಬಾರದೆಂದು ಹೆದರುತ್ತೇವೆ’ ಎಂದರು. ಅವರ ಕನ್ನಡ ನಮ್ಮ ಸೀಮೆಯ ಕನ್ನಡವೇ. ರಾಗ ಮಾತ್ರ ಬೇರೆ.

ಇನ್ನು ಅಂಗಡಿಯ ವಿಚಾರ. ಭಾಷೆ ತಿಳಿಯದವನು ಮೊದಲು ಕಲಿಯುವುದು ವ್ಯಾಕರಣವನ್ನಲ್ಲ, ದಿನಸಿಯನ್ನು. ಚಾಲ್ ಎಂದರೆ ಅಕ್ಕಿ, ನೂನ್ ಎಂದರೆ ಉಪ್ಪು, ಮಾಛ್ ಎಂದರೆ ಮೀನು. ಇವು ಕೈ ತೋರಿಸಿ ಕಲಿಯಬಹುದಾದ ಮಾತುಗಳು. ಇದರಲ್ಲಿ ಒಂದು ಸೋಜಿಗವಿದೆ. ದುಕಾನು, ಬಜಾರು, ಜಮೀನು, ಹಿಸಾಬು, ವಕೀಲ, ದರಖಾಸ್ತು ಎಂಬ ಮಾತುಗಳು ನಮ್ಮ ಸೀಮೆಗೆ ನಿಜಾಮರ ಆಡಳಿತದೊಂದಿಗೆ ಬೇರೂರಿದವು. ಬಂಗಾಳದಲ್ಲಿಯೂ ನವಾಬರ ಕಾಲದಿಂದ ಅವೇ ಮಾತುಗಳು ದೋಕಾನ್, ಬಾಜಾರ್, ಜೊಮಿ, ಹಿಶಾಬ್, ಉಕಿಲ್, ದೊರಖಾಸ್ತೊ ಎಂಬ ವೇಷದಲ್ಲಿ ಉಳಿದಿವೆ. ಅಪ್ಪಟ ಕನ್ನಡ ಮಾತನಾಡುವ ಊರಿಗೆ ಹೋಗಿದ್ದರೆ ಆದೀತಾಗಿದ್ದ ಕಷ್ಟ ರಾಯಚೂರಿನ ಮಿಶ್ರಭಾಷೆಯಲ್ಲಿ ಅವರಿಗೆ ಸ್ವಲ್ಪ ತಗ್ಗಿತು. ನಮ್ಮ ಭಾಷೆಯ ‘ಅಶುದ್ಧಿ’ಯನ್ನು ಹಳಿಯುವ ಪಂಡಿತರು ಈ ಉಪಕಾರವನ್ನೂ ಎಣಿಸಬೇಕು.

ಅಂಕಿಗಳು ಮಾತ್ರ ಮೋಸ ಮಾಡುವಂಥವು. ಬಂಗಾಳಿ ಲಿಪಿಯ ನಾಲ್ಕು ನೋಡಲು ಇಂಗ್ಲಿಷಿನ ಎಂಟರಂತೆಯೇ ಇರುತ್ತದೆ. ಅವರ ಏಳು ನಮ್ಮ ಕಣ್ಣಿಗೆ ಒಂಬತ್ತಾಗಿ ಕಾಣುತ್ತದೆ. ಅಂಗಡಿಯವನು ಚೀಟಿಯಲ್ಲಿ 8 ರೂಪಾಯಿ ಎಂದು ಬರೆದರೆ ಬಂಗಾಳಿ ಬರಹವನ್ನಷ್ಟೇ ಬಲ್ಲವನು ನಾಲ್ಕನ್ನು ಎಣಿಸಿಕೊಟ್ಟಾನು. ಆಗ ಅಂಗಡಿಯವನಿಗೆ ಕಾಣುವುದು ಲಿಪಿಯ ವ್ಯತ್ಯಾಸವಲ್ಲ, ಗಿರಾಕಿಯ ಅಪ್ರಾಮಾಣಿಕತೆ. ಅಳತೆಯಲ್ಲಿಯೂ ಹೀಗೆಯೇ. ಬಂಗಾಳದ ಸೇರು 80 ತೊಲದ ತೂಕ. ನಮ್ಮ ಹಳ್ಳಿಯ ಸೇರು ಕಾಳನ್ನು ತುಂಬಿ ಅಳೆಯುವ ಪಾತ್ರೆ. ಕಿಲೋಗ್ರಾಮು ಕಾನೂನಿನಂತೆ ಬಂದ ಮೇಲೆಯೂ ಹಳ್ಳಿಗಳಲ್ಲಿ ಸೇರು ಬಹುಕಾಲ ನಿಂತಿತು. ಹೆಸರು ಒಂದೇ ಆಗಿ ವಸ್ತು ಬೇರೆಯಾದರೆ, ಹೆಸರೇ ತಿಳಿಯದಿರುವುದಕ್ಕಿಂತ ಹೆಚ್ಚು ಜಗಳ.

ಅಡಿಗೆಮನೆಯಲ್ಲಿ ಸಾಸಿವೆ ಎಣ್ಣೆಯ ಸ್ಥಾನಕ್ಕೆ ಶೇಂಗಾ ಎಣ್ಣೆ, ಕುಸುಬೆ ಎಣ್ಣೆ ಬಂದವು. ನಮ್ಮಲ್ಲಿ ಸಾಸಿವೆ ಒಗ್ಗರಣೆಗೆ ಚಿಟಿಕೆಯಷ್ಟು ಸಾಕು. ಅವರಿಗೆ ಅದು ಅನ್ನದಷ್ಟೇ ಅಗತ್ಯ. ಸಮುದ್ರದಿಂದ ನದಿಗೆ ಏರಿಬರುವ ಇಲಿಶ್ ಮೀನು ಎರೆಯ ನಾಡಿನಲ್ಲಿ ಎಲ್ಲಿಂದ ಬರಬೇಕು? ಕೆರೆಯ ರೋಹು, ಕಾಟ್ಲಾಗಳೇ ಸಮಾಧಾನ. ಜೋಳದ ರೊಟ್ಟಿಯನ್ನು ತಟ್ಟಲು ಕಲಿತದ್ದು ಹೇಗೆಂದು ಅದೇ ಅಜ್ಜಿಯನ್ನು ಕೇಳಿದೆನು. ಕೂಲಿಗೆ ಹೋದ ಹೊಲದಲ್ಲಿ ಒಕ್ಕಲಗಿತ್ತಿ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಕೊಟ್ಟಳಂತೆ, ಗಂಟಲಲ್ಲಿ ಇಳಿಯಲಿಲ್ಲವಂತೆ, ಆದರೆ ಮಧ್ಯಾಹ್ನದ ಹಸಿವು ಸಂಜೆಯವರೆಗೂ ಮರಳಲಿಲ್ಲವಂತೆ. ಆ ಗುಣಕ್ಕಾಗಿ ಮರುವಾರ ತಾವೇ ಹಿಟ್ಟು ಕಲಸಿದರು. ಈಗ ಮೊಮ್ಮಕ್ಕಳು ರೊಟ್ಟಿಯನ್ನು ಮೀನಿನ ಸಾರಿನಲ್ಲಿ ಅದ್ದಿ ತಿನ್ನುತ್ತಾರೆ. ಇದನ್ನು ಯಾವ ನಾಡಿನ ಊಟವೆನ್ನಬೇಕೋ ನನಗೆ ತಿಳಿಯದು.

ಬಾಂಧವ್ಯದ ಮಾತುಗಳಲ್ಲಿ ಕೆಲವು ಸುಲಭ, ಕೆಲವು ಕಠಿಣ. ‘ಕಾಕಾ’ ಇಲ್ಲಿಯೂ ಅಲ್ಲಿಯೂ ಒಂದೇ. ‘ಮಾಮಾ’ ಎಂಬುದರಲ್ಲಿ ಎಚ್ಚರಿಕೆ ಬೇಕು. ಅವರಲ್ಲಿ ಮಾಮಾ ತಾಯಿಯ ಒಡಹುಟ್ಟಿದವನು, ತಂದೆಯ ಸಮಾನ. ಅವನೊಂದಿಗೆ ಮದುವೆಯೆಂಬುದು ಊಹೆಗೂ ನಿಲುಕದ ಮಾತು. ನಮ್ಮಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವುದು ಹಳೆಯ ವಾಡಿಕೆ. ಗಂಡನ ತಂದೆಯೂ ಮಾವನೇ. ನೆರೆಮನೆಯಲ್ಲಿ ಅಂಥ ಮದುವೆಗೆ ಕರೆ ಬಂದಾಗ ಕ್ಯಾಂಪಿನ ಹೆಂಗಸರು ಬೆರಗಾದುದರಲ್ಲಿ ಆಶ್ಚರ್ಯವಿಲ್ಲ.

ದವಾಖಾನೆಯ ಪ್ರಸಂಗವೂ ಇಂಥದೇ. ಅವರ ಉಚ್ಚಾರಣೆಯಲ್ಲಿ ವಕಾರ ಬಕಾರವಾಗುತ್ತದೆ. ‘ಬ್ಯಥಾ’ ಎಂದರೆ ದೇಹದ ನೋವು. ನಮ್ಮ ‘ವ್ಯಥೆ’ಯಾದರೋ ಮನಸ್ಸಿನದು. ಹೊಟ್ಟೆ ಹಿಡಿದುಕೊಂಡು ಬ್ಯಥೆ ಎಂದವಳಿಗೆ ಸಮಾಧಾನದ ಮಾತು ಸಿಕ್ಕೀತೇ ಹೊರತು ಔಷಧವಲ್ಲ. ಸಂಸ್ಕೃತ ಎರಡು ಭಾಷೆಗಳಿಗೂ ಶಬ್ದಗಳನ್ನು ಕೊಟ್ಟಿತು. ಅವುಗಳ ಅರ್ಥವನ್ನು ಮಾತ್ರ ಎರಡು ಭಾಷೆಗಳೂ ತಮ್ಮ ತಮ್ಮ ಇಷ್ಟದಂತೆ ತಿರುಗಿಸಿಕೊಂಡವು.

ಹಬ್ಬಗಳು ಅವರನ್ನು ನಮ್ಮ ಸಮೀಪಕ್ಕೆ ತಂದವು. ನಾವು ಬನ್ನಿ ಕೊಡುವ ದಸರೆಯಲ್ಲಿ ಅವರ ದುರ್ಗಾಪೂಜೆ. ನಮ್ಮ ಸೀಗಿ ಹುಣ್ಣಿಮೆಯ ರಾತ್ರಿಯೇ ಅವರ ಮನೆಗಳಲ್ಲಿ ಲಕ್ಷ್ಮೀಪೂಜೆ. ನಾವು ಅಂಗಡಿಗಳಲ್ಲಿ ಲಕ್ಷ್ಮಿಯನ್ನು ಪೂಜಿಸುವ ದೀಪಾವಳಿಯಂದು ಅವರಿಗೆ ಕಾಳೀಪೂಜೆ. ಚಾಂದ್ರಮಾನ ಯುಗಾದಿಯನ್ನು ನಾವು ಮುಗಿಸಿದ ಕೆಲವು ದಿನಗಳ ಅನಂತರ, ಏಪ್ರಿಲ್ ಮಧ್ಯದಲ್ಲಿ, ಅವರ ಹೊಸ ವರ್ಷ ಬರುತ್ತದೆ.

ಹಬ್ಬದ ಪಂಚಾಂಗ ಬೇರೆಯಾದರೆ ಬಾಧೆಯಿಲ್ಲ. ಹುಟ್ಟಿದ ದಿನದ ಪಂಚಾಂಗ ಬೇರೆಯಾದರೆ ಬಾಧೆಯುಂಟು. ಶಾಲೆಗೆ ಮಗುವನ್ನು ಸೇರಿಸುವಾಗ, ಪಡಿತರ ಚೀಟಿಗೆ ಅರ್ಜಿ ಹಾಕುವಾಗ ವಯಸ್ಸನ್ನು ಕೇಳುತ್ತಾರೆ. ಹಿರಿಯರು ಬಂಗಾಳಿ ಶಕೆಯ 1355 ಎಂದರೆ ಅದಕ್ಕೆ 593 ಸೇರಿಸಿ 1948 ಎಂದು ಮಾಡಬೇಕು. ಅವರ ವರ್ಷದ ಕೊನೆಯ ತಿಂಗಳುಗಳಾದರೆ 594 ಸೇರಿಸಬೇಕು. ನಮ್ಮ ಅಜ್ಜಂದಿರು ಫಸಲಿಗೆ ಸುಮಾರು 590 ಸೇರಿಸುತ್ತಿದ್ದಂತೆಯೇ ಇದು. ಹೆಸರಿನ ಪಾಡು ಇನ್ನೂ ಕಷ್ಟ. ಬರೆದಾಗ ಲಕ್ಷ್ಮಿ, ಅವರ ಬಾಯಲ್ಲಿ ಲೊಕ್ಖಿ. ಬರೆದಾಗ ವಿಶ್ವಾಸ, ಹೇಳಿದಾಗ ಬಿಶ್ಶಾಶ್. ಒಬ್ಬ ಗುಮಾಸ್ತ ಕೇಳಿದಂತೆ ಬರೆದನು, ಇನ್ನೊಬ್ಬನು ತನಗೆ ಸರಿಯೆನಿಸಿದಂತೆ ತಿದ್ದಿದನು, ಮೂರನೆಯವನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದನು. ಶಾಲೆಯ ದಾಖಲೆ, ಪಡಿತರ ಚೀಟಿ, ಜಮೀನಿನ ಪತ್ರ ಎಂಬ ಮೂರು ಕಾಗದಗಳಲ್ಲಿ ಒಬ್ಬನೇ ಮನುಷ್ಯ ಮೂವರಾದನು.

ಈ ಅಕ್ಷರದೋಷ ಮೊದಲಿಗೆ ನಗೆಯ ವಿಷಯ. ಪೌರತ್ವದ ಪ್ರಶ್ನೆ ಬಂದಾಗ ನಗೆ ನಿಲ್ಲುತ್ತದೆ. 1955ರ ಪೌರತ್ವ ಕಾಯಿದೆ ಕಾಲಕಾಲಕ್ಕೆ ತಿದ್ದುಪಡಿಯಾಗಿದೆ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಈ ನೆಲದಲ್ಲಿ ಹುಟ್ಟಿದವರು, ಕೆಲವು ಅಪವಾದಗಳನ್ನು ಬಿಟ್ಟರೆ, ಹುಟ್ಟಿನಿಂದಲೇ ಪೌರರು. ಅನಂತರ 2004ರ ಡಿಸೆಂಬರ್ 2ರವರೆಗೆ ಹುಟ್ಟಿದವರಿಗೆ ತಂದೆತಾಯಿಗಳಲ್ಲಿ ಒಬ್ಬರಾದರೂ ಪೌರರಾಗಿರಬೇಕು. ಆಮೇಲೆ ಹುಟ್ಟಿದವರಿಗೆ ಇಬ್ಬರೂ ಪೌರರಾಗಿರಬೇಕು, ಇಲ್ಲವೆ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮವಾಗಿ ಬಂದವರಾಗಿರಬಾರದು. ಕಾಗದಪತ್ರವಿಲ್ಲದೆ ತಡವಾಗಿ ಬಂದ ಒಂದು ದಂಪತಿಗಳನ್ನು ಊಹಿಸಿಕೊಳ್ಳಿರಿ. 1985ರಲ್ಲಿ ಹುಟ್ಟಿದ ಹಿರಿಯ ಮಗಳು ಪೌರಳು. 1990ರಲ್ಲಿ ಹುಟ್ಟಿದ ತಮ್ಮ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡ ಮಕ್ಕಳನ್ನು ಒಂದು ತಾರೀಖು ಬೇರೆ ಮಾಡುತ್ತದೆ.

ಸರ್ಕಾರವೇ ಕರೆತಂದು ನೆಲೆಗೊಳಿಸಿದವರ ಸ್ಥಿತಿ ಬೇರೆ, ಬಂಧುಗಳನ್ನು ಅರಸಿ ಅವರ ಹಿಂದೆ ಬಂದವರ ಸ್ಥಿತಿ ಬೇರೆ. ಬಾಂಗ್ಲಾದೇಶ, ಪಾಕಿಸ್ತಾನ, ಅಫಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರ ಒಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ದಾರಿ ಮಾಡಿದ ತಿದ್ದುಪಡಿ 2019ರಲ್ಲಿ ಬಂದಿತು; ಅದರ ನಿಯಮಗಳು ಹೊರಬಿದ್ದುದು 2024ರ ಮಾರ್ಚಿನಲ್ಲಿ. ಆ ಕಾಯಿದೆಯ ಕುರಿತು ದೇಶದಲ್ಲೆಲ್ಲ ನಡೆದ ವಾದವಿವಾದ ಈ ಲೇಖನದ ವಿಷಯವಲ್ಲ. ಅದೇ ವರ್ಷ ಸಿಂಧನೂರಿನ ಕ್ಯಾಂಪುಗಳ ಕೆಲವರಿಗೆ ಪೌರತ್ವದ ಪತ್ರ ದೊರೆತುದನ್ನು ಪತ್ರಿಕೆಗಳಲ್ಲಿ ಓದಿದೆವು. ಅರ್ಜಿಯಲ್ಲಿ ಮತ್ತೆ ಅದೇ ಪ್ರಶ್ನೆಗಳು: ಹೆಸರು, ತಂದೆಯ ಹೆಸರು, ಹುಟ್ಟಿದ ದಿನ.

ನಮ್ಮ ರಾಜ್ಯದ ಇನ್ನೊಂದು ನಿರಾಶ್ರಿತ ಸಮುದಾಯ ಬೇರೆ ದಾರಿಯನ್ನು ಹಿಡಿಯಿತು. ಬೈಲಕುಪ್ಪೆಗೆ 1960ರ ಕೊನೆಯಲ್ಲಿಯೂ ಮುಂಡಗೋಡಿಗೆ 1966ರಲ್ಲಿಯೂ ಬಂದ ಟಿಬೆಟ್ಟಿನವರು ತಮ್ಮದೇ ಶಾಲೆ, ಮಠ, ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ನೋಂದಣಿ ಪತ್ರವನ್ನು ನವೀಕರಿಸುತ್ತ, ಮರಳಿ ಹೋಗುವ ಆಸೆಯನ್ನು ಕಾಪಾಡುತ್ತ ಬದುಕಿದರು. ಕ್ಯಾಂಪಿನವರಲ್ಲಿ ಮರಳಿ ಹೋಗುವ ಮಾತನ್ನು ನಾನು ಕೇಳಲಿಲ್ಲ.

ಹೊಸ ನಾಡಿನ ಸಂಸಾರದಲ್ಲಿ ನಿಜವಾದ ಯಜಮಾನರು ಮಕ್ಕಳು. ಕನ್ನಡ ಶಾಲೆಗೆ ಹೋದ ಹತ್ತು ವರ್ಷದ ಹುಡುಗಿ ಬ್ಯಾಂಕಿನಲ್ಲಿ ತಾತನ ಪರವಾಗಿ ಮಾತನಾಡುತ್ತಾಳೆ, ಕರೆಂಟಿನ ಬಿಲ್ಲನ್ನು ಓದುತ್ತಾಳೆ, ವೈದ್ಯರಿಗೆ ತಾಯಿಯ ನೋವನ್ನು ವಿವರಿಸುತ್ತಾಳೆ. ಮಗುವಿನ ಕಿವಿಗೆ ಬೀಳಬಾರದ ಮಾತುಗಳೂ ಅದರ ಬಾಯಿಯ ಮೂಲಕವೇ ಹಾದುಹೋಗಬೇಕು. ಅಮೆರಿಕದಲ್ಲಿರುವ ಕನ್ನಡದ ಅಜ್ಜಿಗೆ ಮೊಮ್ಮಗ ದುಭಾಷಿಯಾಗುವುದೂ ಹೀಗೆಯೇ ಅಲ್ಲವೆ?

ಕಳೆದ ಸಲ ನಾನು ಹೋದಾಗ ಆ ಅಜ್ಜಿ ಮನೆಯ ಮುಂದೆ ತರಕಾರಿ ಗಾಡಿಯವನೊಡನೆ ಬದನೆಕಾಯಿಗೆ ಚೌಕಾಸಿ ಮಾಡುತ್ತಿದ್ದರು. ‘ಬ್ಯಾಡ ತಗಿ, ನಿನ್ನಿ ಸಂತಿಯಾಗ ಹದಿನೈದಕ್ಕ ಕೊಟ್ಟಾರ’ ಎಂದು ಗದರಿಸಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಚಿಲ್ಲರೆಯನ್ನು ತೆಗೆದು, ಮೆಲ್ಲಗೆ ತಮ್ಮೊಳಗೆ, ಎಕ್, ದುಯಿ, ತಿನ್, ಚಾರ್ ಎಂದು ಎಣಿಸತೊಡಗಿದರು.