ಪೌರತ್ವದ ಅರ್ಜಿಯೂ ಹಿಂದಿನ ಶಿಕ್ಷೆಯೂ

ಹುಟ್ಟಿನಿಂದಲೇ ಒಂದು ನಾಡಿನ ಪೌರರಾದವರಿಗೆ ಆ ಭಾಗ್ಯದ ಬೆಲೆ ತಿಳಿಯುವುದು ಅಪರೂಪ. ಅರ್ಜಿ ಬರೆದು ಬೇಡಬೇಕಾದವರೇ ಅದನ್ನು ಬಲ್ಲರು. ಹಾಗೆ ಬೇಡುವವನು ಹಿಂದೊಮ್ಮೆ ಕೋರ್ಟಿನಲ್ಲಿ ತಪ್ಪಿತಸ್ಥನೆನಿಸಿದ್ದರಂತೂ ಅವನ ಮನೆಯವರಿಗೆಲ್ಲ ಕಳವಳ. ಹಳೆಯ ಶಿಕ್ಷೆಯು ಪೌರತ್ವದ ಬಾಗಿಲನ್ನು ಮುಚ್ಚಿಬಿಡುವುದೋ? ಈ ಪ್ರಶ್ನೆಯನ್ನು ಇಂದು ವಾಚಕರೊಡನೆ ವಿಚಾರಿಸಬೇಕೆಂದಿದ್ದೇವೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಹಿರಿಯರು ಇದರ ಒಂದು ಮುಖವನ್ನು ಕಂಡವರು. ೧೯೪೮ನೆಯ ಸಪ್ಟಂಬರದವರೆಗೆ ಈ ಸೀಮೆಯು ನಿಜಾಮರ ಆಳಿಕೆಯಲ್ಲಿತ್ತು. ಆ ಸರಕಾರವನ್ನು ಎದುರಿಸಿದವರು ಅದರ ದಫ್ತರಗಳಲ್ಲಿ ಅಪರಾಧಿಗಳೇ ಸರಿ. ಅಳವಂಡಿಯ ಶಿವಮೂರ್ತಿಸ್ವಾಮಿಗಳು ಗಡಿಯಾಚೆಯ ಮುಂಡರಗಿಯಲ್ಲಿ ಶಿಬಿರವನ್ನು ಕಟ್ಟಿ ಹೋರಾಟವನ್ನು ನಡೆಸಿದರು. ೧೯೫೨ರಲ್ಲಿ ಅವರೇ ಕುಷ್ಟಗಿ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಹೋದರು. ೧೯೫೦ರ ಜನವರಿ ೨೬ರಂದು ಸಂವಿಧಾನವು ಜಾರಿಗೆ ಬಂದಾಗ, ಇಲ್ಲಿ ಹುಟ್ಟಿ ಇಲ್ಲಿಯೇ ನೆಲೆಸಿದವರೆಲ್ಲರೂ ಅದರ ೫ನೆಯ ವಿಧಿಯಂತೆ ಅರ್ಜಿಯಿಲ್ಲದೆ ಭಾರತದ ಪೌರರಾದರು. ತುರಂಗವನ್ನು ಕಂಡವನೋ ಎಂದು ಯಾರನ್ನೂ ಕೇಳಲಿಲ್ಲ. ೧೯೭೨ರಲ್ಲಿ ಸ್ವಾತಂತ್ರ್ಯ ಯೋಧರಿಗೆ ಕೇಂದ್ರ ಸರಕಾರವು ಮಾಸಾಶನವನ್ನು ಏರ್ಪಡಿಸಿದಾಗ ಆರು ತಿಂಗಳ ಸೆರೆವಾಸವೇ ಒಂದು ಅರ್ಹತೆಯಾಯಿತು. ತುರಂಗದ ದಾಖಲೆಯೇ ಅದಕ್ಕೆ ಪ್ರಮಾಣವಾಯಿತು! ಆದುದರಿಂದ ಶಿಕ್ಷೆಯಾಗಿತ್ತೆಂಬ ಮಾತೊಂದರಿಂದಲೇ ಮನುಷ್ಯನನ್ನು ಅಳೆಯಲಾಗದು. ಯಾವ ಕಾರ್ಯಕ್ಕಾಗಿ, ಎಂದು, ಆಮೇಲೆ ಅವನ ನಡತೆ ಹೇಗೆ ಎಂಬುದನ್ನೂ ನೋಡಬೇಕು.

ಹೊರಗಿನಿಂದ ಬಂದವರಿಗಾದರೋ ಅರ್ಜಿ ತಪ್ಪಿದ್ದಲ್ಲ. ೧೯೫೫ರ ಪೌರತ್ವ ಕಾಯದೆಯ ೬ನೆಯ ಕಲಮಿನಂತೆ ಅರ್ಜಿ ಕೊಡುವವನು ಒಳ್ಳೆಯ ನಡತೆಯವನಾಗಿರಬೇಕು. ಒಳ್ಳೆಯ ನಡತೆಯೆಂದರೇನೆಂದು ಕಾಯದೆಯು ಬಿಡಿಸಿ ಹೇಳಿಲ್ಲ. ಅದನ್ನು ಸರಕಾರವೇ ತೂಗಿ ನೋಡುತ್ತದೆ. ಆದರೆ ಮುಚ್ಚುಮರೆಯ ವಿಷಯದಲ್ಲಿ ಕಾಯದೆಯ ಮಾತು ಬಹಳ ಸ್ಪಷ್ಟವಾಗಿದೆ. ಮುಖ್ಯ ಸಂಗತಿಯನ್ನು ಬಚ್ಚಿಟ್ಟು ಪಡೆದ ಪೌರತ್ವವನ್ನು ೧೦ನೆಯ ಕಲಮಿನಂತೆ ಕಸಿದುಕೊಳ್ಳಬಹುದು. ತಿಳಿದೂ ತಿಳಿದೂ ಸುಳ್ಳು ಬರೆದವನಿಗೆ ೧೭ನೆಯ ಕಲಮಿನಂತೆ ಐದು ವರ್ಷಗಳವರೆಗೆ ಸೆರೆವಾಸವಾಗಬಹುದು, ಐವತ್ತು ಸಾವಿರ ರೂಪಾಯಿಗಳವರೆಗೆ ದಂಡವಾಗಬಹುದು, ಎರಡೂ ಆಗಬಹುದು. ಹಳೆಯ ತಪ್ಪನ್ನು ಅಡಗಿಸಹೋಗಿ ಹೊಸ ಅಪರಾಧಕ್ಕೆ ಗುರಿಯಾಗುವುದೆಂದರೆ ಇದೇ.

ಗಂಗಾವತಿಯ ನೆರೆಯ ಸಿಂಧನೂರು ತಾಲೂಕಿನಲ್ಲಿ ಪೂರ್ವಬಂಗಾಲದಿಂದ ಬಂದ ನಿರಾಶ್ರಿತರ ಕ್ಯಾಂಪುಗಳಿವೆ. ಇಂಥ ವಲಸೆಗಾರರ ಪಾಲಿಗೆ ಅಪ್ಪಣೆಯಿಲ್ಲದೆ ಗಡಿ ದಾಟಿ ಬಂದುದೇ ಕಾಯದೆಯ ಕಣ್ಣಿಗೆ ತಪ್ಪು. ಬಾಂಗ್ಲಾದೇಶ, ಪಾಕಿಸ್ತಾನ, ಅಫಘಾನಿಸ್ತಾನಗಳಿಂದ ೨೦೧೪ರ ಡಿಸೆಂಬರ ೩೧ರೊಳಗೆ ಬಂದ ಹಿಂದೂ, ಸಿಖ್ಖ, ಬೌದ್ಧ, ಜೈನ, ಪಾರಸಿ, ಕ್ರೈಸ್ತರಿಗೆ ೨೦೧೯ರ ತಿದ್ದುಪಡಿಯು ದಾರಿಯನ್ನು ಮಾಡಿಕೊಟ್ಟಿತು. ಅದರ ನಿಯಮಗಳು ೨೦೨೪ರ ಮಾರ್ಚಿಯಲ್ಲಿ ಹೊರಬಿದ್ದವು. ಅಕ್ರಮ ವಲಸೆಯ ಖಟ್ಲೆ ನಡೆದಿದೆಯೆಂಬ ಕಾರಣದಿಂದ ಇವರು ಅರ್ಜಿಗೆ ಅನರ್ಹರಾಗುವುದಿಲ್ಲ. ಪೌರತ್ವವು ದೊರೆತೊಡನೆ ಆ ಖಟ್ಲೆಯೇ ಬಿದ್ದುಹೋಗುತ್ತದೆ. ಕಳವು, ಹೊಡೆದಾಟ ಮುಂತಾದ ಖಟ್ಲೆಗಳಿಗೆ ಈ ರಿಯಾಯಿತಿಯಿಲ್ಲ. ಅರ್ಜಿದಾರನ ನಡತೆಯ ವಿಷಯವಾಗಿ ಭಾರತೀಯ ಪೌರನೊಬ್ಬನು ಪ್ರಮಾಣಪತ್ರವನ್ನು ಬರೆದುಕೊಡಬೇಕು. ನೆರೆಯ ಗೃಹಸ್ಥರ ಮಾತಿಗೆ ಹೀಗೆ ತೂಕವುಂಟು. ಅವರು ಸುಳ್ಳಾಡದೆ, ಕಂಡುದನ್ನೇ ಬರೆಯಬೇಕು.

ನಮ್ಮ ಮಕ್ಕಳೂ ಪರದೇಶಗಳಲ್ಲಿ ಇಂಥ ಅರ್ಜಿಗಳನ್ನು ಬರೆಯುತ್ತಾರೆ. ಒಂದು ಮನೆಯನ್ನು ಊಹಿಸೋಣ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನ ಸರದಿಗಾಗಿ ಜಗಳವಾಯಿತು. ಹರೆಯದ ಹುಡುಗನು ಕೈಮಾಡಿದನು. ಕೋರ್ಟಿನಲ್ಲಿ ದಂಡ ತೆತ್ತನು. ಹದಿನೈದು ವರ್ಷಗಳ ಮೇಲೆ ಅವನು ಅಮೇರಿಕೆಯಲ್ಲಿ ಪೌರತ್ವವನ್ನು ಬೇಡುತ್ತಾನೆ. ಆ ದೇಶವು ಸಾಮಾನ್ಯವಾಗಿ ಅರ್ಜಿಗೆ ಮುಂಚಿನ ಐದು ವರ್ಷಗಳ ನಡತೆಯನ್ನು ಮುಖ್ಯವಾಗಿ ನೋಡುತ್ತದೆ. ಅದಕ್ಕೂ ಹಿಂದಿನದನ್ನು ಕೇಳದೆ ಬಿಡುವುದಿಲ್ಲ. ಕೊಲೆಯಂಥ ಘೋರ ಅಪರಾಧಕ್ಕೆ ಅಲ್ಲಿ ಬಾಗಿಲು ಎಂದೆಂದಿಗೂ ಮುಚ್ಚಿದ್ದು. ಇಂಥ ಚಿಕ್ಕ ದಂಡದಿಂದ ಅರ್ಜಿ ಕೆಡುವ ಸಂಭವವು ಕಡಿಮೆ. ‘ಎಂದಾದರೂ ಶಿಕ್ಷೆಯಾಗಿತ್ತೆ’ ಎಂಬ ಪ್ರಶ್ನೆಗೆ ‘ಇಲ್ಲ’ವೆಂದು ಬರೆದರೆ ಮಾತ್ರ ಕೆಡುಕು ಖಂಡಿತ. ಊರಿನಲ್ಲಿ ಎಲ್ಲರೂ ಮರೆತ ಮಾತನ್ನು ಕಾಗದಪತ್ರಗಳು ಮರೆಯುವುದಿಲ್ಲ.

ಆದುದರಿಂದ ಮನೆಯ ಯಜಮಾನರಿಗೆ ನಮ್ಮ ಬಿನ್ನಹವಿಷ್ಟೆ. ಮೊದಲು ಕೋರ್ಟಿನ ತೀರ್ಪಿನ ದೃಢೀಕೃತ ನಕಲನ್ನು ತರಿಸಿರಿ. ನಿರ್ದೋಷಿಯೆಂದು ಬಿಡುಗಡೆಯಾಗಿದ್ದರೂ ಆ ಕಾಗದವನ್ನು ಜೋಪಾನವಾಗಿಡಿರಿ. ದಂಡ ಕಟ್ಟಿದ ಪಾವತಿಯಿದ್ದರೆ ಜೊತೆಗಿರಿಸಿರಿ. ಅರ್ಜಿಯನ್ನು ಬರೆಯುವ ಮುನ್ನ ವಕೀಲರಿಗೆ ಎಲ್ಲವನ್ನೂ ಬಿಚ್ಚಿ ಹೇಳಿರಿ. ‘ಇದನ್ನು ಬರೆಯುವುದು ಬೇಡ, ಯಾರಿಗೆ ಗೊತ್ತಾಗುತ್ತದೆ’ ಎನ್ನುವ ದಲಾಲರನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳಬೇಡಿರಿ. ಮರ್ಯಾದೆಗೆ ಅಂಜಿ ಮಗನಿಗೆ ಸುಳ್ಳನ್ನು ಕಲಿಸಿದರೆ ಮರ್ಯಾದೆಯೂ ಉಳಿಯದು, ಮಗನ ನೆಲೆಯೂ ಉಳಿಯದು. ಮಾಡಿದ ತಪ್ಪನ್ನು ಒಪ್ಪಿ, ಆಮೇಲೆ ನೆಟ್ಟಗೆ ಬಾಳಿದವನಿಗೆ ತನ್ನ ಬಾಳನ್ನೇ ಸಾಕ್ಷಿಯಾಗಿ ಮುಂದಿಡುವ ಅವಕಾಶವಾದರೂ ಉಳಿದಿರುತ್ತದೆ.